ಏಳೆಂಟ್ಲ ಎಷ್ಟು?

ಹೋದ ತಿಂಗಳು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಊಟಕ್ಕಿಂತ ಮೊದಲು ಸಿಕ್ಕಿದ್ದು ಜಗಳ. 3ನೇ ಕ್ಲಾಸಿನ ಪುಟ್ಟಿ 500ರಲ್ಲಿ 148 ಕಳೆಯೋಕೆ ಅಡ್ಡಕ್ಕೊಂದು ಗೆರೆ ಎಳೆದು, ಅದರ ಮೇಲೆ ಕಪ್ಪೆ ಜಿಗಿದ ಹಾಗೆ ಬಿಲ್ಲು ಬರೆದಿದ್ದಳು.

"ನೋಡೋ, ಒಂದರ ಕೆಳಗೊಂದು ಬರೆದು ಸಾಲ ತಗೊಂಡ್ರೆ ಅರ್ಧ ನಿಮಿಷದ ಕೆಲಸ. ಇದಕ್ಕಾ ನಾವು ಇಷ್ಟು ಫೀಸ್ ಕಟ್ಟೋದು?" ಅಂದಳು ಅಕ್ಕ. ಪೇರೆಂಟ್ಸ್ ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಇದೇ ಗಲಾಟೆಯಂತೆ. ಮಗ್ಗಿ ಬಾಯಿಪಾಠ ಇಲ್ಲ, ಬರೀ ಆಟ, ಚಿತ್ರ.

ನನಗೆ ನೆನಪಾಗಿದ್ದು ಊರಿನ ಕಿರಾಣಿ ಅಂಗಡಿ. ಯುಪಿಐ ಇಲ್ಲದ ಕಾಲ. 148 ರೂಪಾಯಿ ಸಾಮಾನಿಗೆ 500ರ ನೋಟು ಕೊಟ್ಟರೆ ಶೆಟ್ರು ಪೆನ್ನು ಹಿಡೀತಿರಲಿಲ್ಲ. 2 ರೂಪಾಯಿ ಇಟ್ಟು "ನೂರೈವತ್ತು", 50 ಇಟ್ಟು "ಇನ್ನೂರು", ನೂರರ ಮೂರು ನೋಟು ಇಟ್ಟು "ಐನೂರು, ಸರಿಯಾಯ್ತಾ?" ಅನ್ನೋರು. ಪುಟ್ಟಿಯ ಕಪ್ಪೆ ಜಿಗಿದಿದ್ದೂ ಹಾಗೇ. ಉತ್ತರ 352, ಸರಿಯಾಗೇ ಇತ್ತು. ಅಕ್ಕನ ವಿಧಾನದಲ್ಲಾದರೆ ಪಕ್ಕದ ಮನೆಯಲ್ಲೂ ಸೊನ್ನೆ, ಸಾಲ ಕೊಡೋರೇ ಇಲ್ಲ. ನಾನಂತೂ ಚಿಕ್ಕವನಿದ್ದಾಗ ಅಲ್ಲೇ ಎಡವುತ್ತಿದ್ದೆ.

2020ರ ಶಿಕ್ಷಣ ನೀತಿಯ ನಂತರ ಎನ್‌ಸಿಇಆರ್‌ಟಿ 2024ರಲ್ಲಿ 3ನೇ ತರಗತಿಗೆ ತಂದ ಗಣಿತ ಪುಸ್ತಕದ ಹೆಸರೇ 'ಮ್ಯಾಥ್ಸ್ ಮೇಳ'. ಭಯ ಹೋಗಲಿ, ಅರ್ಥ ಆಗಲಿ ಅಂತ. ಅದಕ್ಕೆ ನನ್ನ ತಕರಾರಿಲ್ಲ.

ಹಾಗಂತ ಅಕ್ಕನ ಆತಂಕ ಸುಳ್ಳಾ? "ಏಳೆಂಟ್ಲ ಎಷ್ಟು ಪುಟ್ಟಿ?" ಅಂತ ಕೇಳಿದೆ. ಬೆರಳು ಮಡಚಿದಳು. 7, 14, 21, 28, 35, 41... ಅಲ್ಲೇ ತಪ್ಪಿತು. ಕೊನೆಗೆ 55 ಅಂದಳು. ನನ್ನ ಮುಖ ನೋಡಿ ಅವಳಿಗೇ ಗೊತ್ತಾಯಿತು. "ಮಾಮಾ, ನಂಗೆ ಮ್ಯಾಥ್ಸ್ ಬರಲ್ಲ."

ಎಂಟು ವರ್ಷದ ಹುಡುಗಿ. ಶೆಟ್ರ ಥರ ಯೋಚಿಸಬಲ್ಲವಳು. ಊಟ ಸೇರಲಿಲ್ಲ.

ನಾವು ಕೋಡ್ ಬರೆಯುವಾಗ ಪದೇ ಪದೇ ಬೇಕಾಗುವ ಉತ್ತರವನ್ನು ಪ್ರತಿ ಸಲ ಲೆಕ್ಕ ಹಾಕಿಸಲ್ಲ, ಕ್ಯಾಶ್‌ನಲ್ಲಿ ಇಟ್ಟುಬಿಡ್ತೀವಿ. ಮಗ್ಗಿ ಅಂದ್ರೂ ಅಷ್ಟೇ. ನಾಳೆ 456ನ್ನು 8ರಿಂದ ಭಾಗಿಸುವಾಗ ಎಂಟೈದ್ಲ ನಲವತ್ತು, ಎಂಟೇಳ್ಲ ಐವತ್ತಾರು ತಾನಾಗೇ ಬರದಿದ್ದರೆ, ಬೆರಳು ಎಣಿಸೋದರಲ್ಲಿ ತಾನು ಎಲ್ಲಿದ್ದೆ ಅನ್ನೋದೇ ಮಗುವಿಗೆ ಮರೆತುಹೋಗುತ್ತೆ. ಅಸರ್ 2024ರ ವರದಿ ಪ್ರಕಾರ ದೇಶದ ಹಳ್ಳಿಗಳಲ್ಲಿ ಇಂಥ ಭಾಗಾಕಾರ ಮಾಡಬಲ್ಲ 5ನೇ ತರಗತಿ ಮಕ್ಕಳು ಶೇ. 30.7 ಮಾತ್ರ. ಇದಕ್ಕೆ ಹೊಸ ಪುಸ್ತಕವನ್ನು ಬೈಯೋ ಹಾಗೂ ಇಲ್ಲ, 5ನೇ ತರಗತಿಗೆ ಅದು ಆಗಿನ್ನೂ ಬಂದೇ ಇರಲಿಲ್ಲ.

ಅಕ್ಕನಿಗೆ ಹೇಳಿದೆ: "ಸ್ಕೂಲಿನ ಗೆರೆ ಅಳಿಸಬೇಡ ಕಣೇ. ಒಂದೇ ಲೆಕ್ಕಕ್ಕೆ ಅಲ್ಲೊಂದು ದಾರಿ, ಇಲ್ಲೊಂದು ದಾರಿ ಅಂದ್ರೆ ಅವಳು ಅಳ್ತಾಳೆ. ಮಗ್ಗಿ ಮಾತ್ರ ನಾವು ಹೇಳಿಸೋಣ."

'ನಾವು' ಅಂದ್ರೆ ಅಪ್ಪ. ಕಾಲು, ಅರೆ, ಮುಕ್ಕಾಲರ ಮಗ್ಗಿಯೂ ಬರುವ ಮನುಷ್ಯ. ಊರಿನಿಂದ ದಿನಾ ರಾತ್ರಿ ಹತ್ತು ನಿಮಿಷ ವಿಡಿಯೋ ಕಾಲ್. ಏಳೆಂಟ್ಲ ಮರೆತರೆ ಏಳೇಳ್ಲ ನಲವತ್ತೊಂಬತ್ತಕ್ಕೆ ಇನ್ನೊಂದು ಏಳು ಸೇರಿಸು ಅಂತ ಹೇಳಿಕೊಟ್ಟಿದ್ದಾರೆ. ಹೊಸ ಪುಸ್ತಕ ನೋಡದೇ!

ಮೊನ್ನೆ ನಾನೂ ಕಾಲ್‌ನಲ್ಲಿದ್ದೆ. "ಮಾಮಾ, ಹದಿಮೂರೇಳ್ಲ ಎಷ್ಟು?" ಅಂದಳು. ನಾನು 70ಕ್ಕೆ 21 ಕೂಡೋಷ್ಟರಲ್ಲಿ ಅಪ್ಪ "ತೊಂಬತ್ತೊಂದು" ಅಂದುಬಿಟ್ಟರು. "ತಾತಾ, ನೀವು ಹೇಳಬಾರದು!" ಅಂತ ಪುಟ್ಟಿ ರೇಗಿದಳು.