ಅರಿಶಿನಕ್ಕೆ ಮಿದುಳಿನ ದಾರಿ

ಮೆಹದಿಪಟ್ಟಣದ ನಮ್ಮ ಮನೆಗಳಲ್ಲಿ ಹಿರಿಯರಿಗೆ ಮರೆವು ಹೆಚ್ಚಿದರೆ ಒಂದೆಲಗದ ತಂಬುಳಿ, ಅರಿಶಿನದ ಹಾಲು ಎಂದು ಉಪಚಾರ ನಡೆಯುವುದುಂಟು. ಆದರೆ ಅರಿಶಿನದ ಸಾರವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗದು. ರಕ್ತಕ್ಕೆ ಸೇರುವುದು ಅತ್ಯಲ್ಪ. ಮಿದುಳಿನ ರಕ್ತನಾಳಗಳ ಬಿಗಿಯಾದ ಗೋಡೆಯೋ ಕಾವಲುಗಾರನಂತೆ ತಡೆಯುತ್ತದೆ. ಆದುದರಿಂದ ವಿಜ್ಞಾನಿಗಳು ಆ ಸಾರವನ್ನು, ಮಿಲಿಮೀಟರಿನ ಸುಮಾರು 10,000ದಲ್ಲೊಂದು ಪಾಲಿನಷ್ಟಿರುವ ನ್ಯಾನೊ ಕಣಗಳಲ್ಲಿ ತುಂಬಿ ಕಳುಹಿಸಿ ನೋಡುತ್ತಿದ್ದಾರೆ. ಇಲಿಗಳಲ್ಲಿ ಆಶಾದಾಯಕ ಫಲ ಕಂಡಿದೆ. ಮನುಷ್ಯರಲ್ಲಿ ಇನ್ನೂ ಸಿದ್ಧವಾಗಿಲ್ಲ.

ಗಿಡಮೂಲಿಕೆ ನಿರರ್ಥಕವೆಂದಲ್ಲ. ಸ್ನೋಡ್ರಾಪ್ ಎಂಬ ಹೂಗಿಡದ ಗೆಡ್ಡೆಯಲ್ಲಿ ದೊರೆತ ಗ್ಯಾಲಂಟಮೀನನ್ನು 2001ರಲ್ಲಿ ಅಮೆರಿಕ ಆಲ್‌ಜೈಮರ್ ರೋಗಕ್ಕೆ ಅಂಗೀಕರಿಸಿತು. ಅದು ರೋಗವನ್ನು ನೀಗದು, ಲಕ್ಷಣಗಳನ್ನು ಕೊಂಚ ತಗ್ಗಿಸೀತು.

ಬಿ-12 ಜೀವಸತ್ವದ ಕೊರತೆಯಿಂದಲೂ ಥೈರಾಯಿಡ್ ದೋಷದಿಂದಲೂ ಬಂದ ಮರೆವಾದರೆ ಬೇಗ ಕಂಡುಹಿಡಿದಲ್ಲಿ ಗುಣವಾಗಬಲ್ಲುದು. ತಂಬುಳಿ ಊಟಕ್ಕಿರಲಿ, ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯಲು ತಡಮಾಡದಿರೋಣ.