ಶಕ್ತಿಶಾಲಿ ಯಂತ್ರವೇ ಗೆಲ್ಲುತ್ತದೆಯೇ?

ಪ್ರಶ್ನೆ: ಹೆಚ್ಚು ಶಕ್ತಿಯ ಹಾರ್ಡ್‌ವೇರ್ ಇರುವ ಗೇಮ್ ಕನ್ಸೋಲೇ ಗೆಲ್ಲುತ್ತದೆಯೇ?

ಉತ್ತರ: ಖಂಡಿತ ಇಲ್ಲ. 1989ರಲ್ಲಿ ನಿಂಟೆಂಡೊ ತಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ಪರದೆಯಲ್ಲಿ ಇದ್ದದ್ದು ಮಾಸಲು ಹಸಿರಿನ ನಾಲ್ಕೇ ಛಾಯೆ. ಕತ್ತಲಲ್ಲಿ ಏನೂ ಕಾಣದು. ಮರುವರ್ಷ ಪ್ರತಿಸ್ಪರ್ಧಿ ಕಂಪನಿ ಸೆಗಾದ ಗೇಮ್ ಗೇರ್ ಬಣ್ಣ, ಬೆಳಕು ಎರಡನ್ನೂ ಹೊತ್ತು ಬಂತು. ಆದರೆ ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿತ್ತು! ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಮಕ್ಕಳ ಕೈಗೆ ಇದಕ್ಕಿಂತ ದೊಡ್ಡ ವರ ಬೇಕೆ? ಗೇಮ್ ಬಾಯ್ ಹಿಂದಿದ್ದ ನಿಂಟೆಂಡೊ ವಿನ್ಯಾಸಕ ಗುನ್‌ಪೇ ಯೊಕೊಯಿ, ಅಗ್ಗವಾದ, ಪಳಗಿದ ಹಳೆಯ ತಂತ್ರಜ್ಞಾನಕ್ಕೆ ಹೊಸ ಬಳಕೆ ಹುಡುಕಬೇಕೆಂದು ನಂಬಿದವರು. ನನಗೆ ಆ ನಂಬಿಕೆ ತುಂಬಾ ಇಷ್ಟ. ಅಮೆರಿಕದಲ್ಲಿ ಯಂತ್ರದ ಜೊತೆಗೇ ಟೆಟ್ರಿಸ್ ಕೊಟ್ಟರು. ಆ ಆಟಕ್ಕೆ ಬಣ್ಣ ಬೇಕಿರಲಿಲ್ಲ. ಗೇಮ್ ಬಾಯ್ ಮತ್ತು ಅದರ ಬಣ್ಣದ ಆವೃತ್ತಿ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು. ಗೇಮ್ ಗೇರ್ ಸುಮಾರು 1 ಕೋಟಿಗೆ ನಿಂತಿತು.