ಮಲೆಯ ಕೆರೆಗಳು, ಕುದುರೆಯ ಹಾದಿ

ಕುದುರೆಯೇರಿ ಕಾಡುದಾರಿಯಲ್ಲಿ ಸಾಗಿ, ಬೆಟ್ಟಗಳ ನಡುವಣ ಸರೋವರದ ಬಳಿ ಬಿಡಾರ ಹೂಡಿ ಇರುಳು ಕಳೆಯುವ ಪ್ರವಾಸವು ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ಬಹುಕಾಲದ ರೂಢಿ. ನಮ್ಮ ಮಲೆನಾಡಿನಲ್ಲಿಯೂ ಹೋಂಸ್ಟೇಗಳು, ನೀರಂಚಿನ ಗುಡಾರಗಳು ಹೆಚ್ಚಿರುವ ಈ ದಿನಗಳಲ್ಲಿ ಕುದುರೆ ಸವಾರಿಯನ್ನೂ ಏಕೆ ತರಬಾರದೆಂಬ ಪ್ರಶ್ನೆ ಏಳುವುದು ಸಹಜ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಗಳ ಮಟ್ಟಿಗೆ ಇದು ಹೊಸ ಪ್ರಶ್ನೆಯಲ್ಲ. 1499ರಿಂದ 1763ರವರೆಗೆ ಆಳಿದ ಕೆಳದಿಯ ಅರಸು ಮನೆತನ ಇದೇ ಕಾಡುಗಳ ನಡುವೆ ರಾಜಧಾನಿಯನ್ನಿಟ್ಟುಕೊಂಡು ಕುದುರೆ ದಂಡನ್ನು ಸಾಕಿತ್ತು. ಆ ಅನುಭವವನ್ನು ಕೇಳದೆ ಮುಂದುವರಿಯುವುದು ಜಾಣತನವಲ್ಲ.

ಕುದುರೆ ಮಲೆನಾಡಿನ ಪ್ರಾಣಿಯಲ್ಲ. ಅದು ಅರಬ್ಬೀ, ಪಾರಸೀ ದೇಶಗಳಿಂದ ಹಡಗನ್ನೇರಿ ಭಟ್ಕಳದಂತಹ ಬಂದರುಗಳಿಗೆ ಬಂದು, ಅಲ್ಲಿಂದ ಘಟ್ಟವನ್ನು ಹತ್ತಬೇಕಾಗಿತ್ತು. ಹತ್ತಿದ ಮೇಲೆ ಎದುರಾಗುತ್ತಿದ್ದುದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ತಿಂಗಳುಗಟ್ಟಲೆ ಕೆಸರಿನಲ್ಲಿ ನಿಂತ ಗೊರಸು ಮೆತ್ತಗಾಗಿ ಕೊಳೆಯುತ್ತದೆ. ಕಚ್ಚುವ ದೊಡ್ಡ ನೊಣಗಳು ರಕ್ತದ ರೋಗವನ್ನು ಹರಡುತ್ತವೆ. ಕುದುರೆಯ ಮುಖ್ಯ ಮೇವಾದ ಹುರುಳಿಯೋ ಬಯಲುಸೀಮೆಯ ಬೆಳೆ. 13ನೆಯ ಶತಮಾನದ ಯಾತ್ರಿಕ ಮಾರ್ಕೊ ಪೋಲೊ ದಕ್ಷಿಣ ಭಾರತದಲ್ಲಿ ಪರದೇಶದ ಕುದುರೆಗಳು ಬಾಳುವುದಿಲ್ಲವೆಂದು ಬರೆದಿಟ್ಟಿದ್ದಾನೆ. ಆದುದರಿಂದ ಅಡಿಕೆ, ಮೆಣಸು, ಅಕ್ಕಿ, ಉಪ್ಪುಗಳ ಸಾಗಣೆಗೆ ನಮ್ಮ ಹಿರಿಯರು ನೆಚ್ಚಿದ್ದು ಹೇರೆತ್ತುಗಳನ್ನೇ. ಕುದುರೆ ಅರಸರ, ದಂಡಿನವರ ವಾಹನವಾಗಿಯೇ ಉಳಿಯಿತು.

ದಂಡಿಗೂ ಮಲೆನಾಡು ಸುಲಭವಾಗಿರಲಿಲ್ಲ. 1689ರಲ್ಲಿ ಮೊಗಲರ ಕೈತಪ್ಪಿಸಿಕೊಂಡು ಜಿಂಜಿಗೆ ಹೊರಟ ಶಿವಾಜಿಯ ಮಗ ರಾಜಾರಾಮನಿಗೆ ರಾಣಿ ಚೆನ್ನಮ್ಮಾಜಿ ಆಶ್ರಯವಿತ್ತುದು, ಔರಂಗಜೇಬನ ಸೈನ್ಯ ಅವಳ ಮೇಲೆ ಏರಿಬಂದುದು ಮನೆಮನೆಗೂ ತಿಳಿದ ಕಥೆ. ಬಯಲಿನಲ್ಲಿ ಗಾಳಿಯಂತೆ ನುಗ್ಗುವ ಕುದುರೆಗೆ ಕಡಿದಾದ ಏರು, ಹೆಣೆದುಕೊಂಡ ಬಳ್ಳಿ, ಜಾರುವ ಜಂಬಿಟ್ಟಿಗೆಯ ನೆಲ ಒಗ್ಗುವಂಥವಲ್ಲ. ರಾಣಿಯ ಬೆಂಬಲಕ್ಕೆ ಅವಳ ಸೈನಿಕರಷ್ಟೇ ಈ ಕಾಡೂ ನಿಂತಿತ್ತೆಂದು ನಾವು ತಿಳಿಯುತ್ತೇವೆ.

ಹಾಗಿದ್ದೂ ಕುದುರೆ ಇಲ್ಲಿ ನಡೆದಾಡಿದ್ದು ನೀರಿನ ಆಸರೆಯಿಂದ. ಒಂದು ಕುದುರೆಗೆ ದಿನಕ್ಕೆ ಸುಮಾರು 30 ಲೀಟರು ನೀರು ಬೇಕು. ಬೇಸಗೆಯ ಏರುದಾರಿಯಲ್ಲಿ ಇನ್ನೂ ಹೆಚ್ಚು. ನೂರು ಕುದುರೆಗಳ ದಂಡೆಂದರೆ ಒಂದು ಬಿಡಾರಕ್ಕೆ ಮೂರು ಸಾವಿರ ಲೀಟರಾಯಿತು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳದಿಯವರ ನೆಲೆಗಳನ್ನು ನೋಡಬೇಕು. ನಗರದ ಕೋಟೆಯ ಪಕ್ಕದಲ್ಲಿಯೇ ವಿಶಾಲವಾದ ಕೆರೆ. ಅಲ್ಲಿಗೆ ಸಮೀಪದ ದೇವಗಂಗೆಯಲ್ಲಿ ಬೆಟ್ಟದ ಒರತೆಯ ನೀರನ್ನು ಕಲ್ಲಿನ ಕೊಳಗಳಿಗೆ ಹಾಯಿಸಿದ ಚೆಲುವಾದ ಕೆಲಸ. ಆನಂದಪುರದ ಬಳಿಯ ಚಂಪಕ ಸರಸ್ಸು ಮತ್ತೊಂದು. ಕವಲೇದುರ್ಗದ ಬೆಟ್ಟವನ್ನಂತೂ ಮೂರು ಸುತ್ತಿನ ಕೋಟೆ ಬಳಸಿದೆ. ಬುಡದಲ್ಲಿ ಕೆರೆ, ಮೇಲೆಯೂ ಕೊಳಗಳು. ಇವೆಲ್ಲ ಕುದುರೆಗಾಗಿಯೇ ಆದವೆಂದಲ್ಲ. ಆದರೆ ಇವಿಲ್ಲದೆ ಕುದುರೆಯಿಲ್ಲ. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿದನು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಇಕ್ಕೇರಿ, ನಗರ, ಕವಲೇದುರ್ಗಗಳ ದಾರಿಯಲ್ಲಿ ಸಂಚರಿಸಿದಾಗ ಬಿದನೂರು ಹೈದರನ ವಶವಾಗಿ 38 ವರ್ಷಗಳು ಕಳೆದಿದ್ದವು.

ಆಮೇಲೆ ಈ ಹಾದಿಗಳು ಕಾಲ್ನಡಿಗೆಯವರ ಪಾಲಾದವು. ಮೇಗರವಳ್ಳಿಯ ಹೆಸರನ್ನು ಕನ್ನಡಿಗರೆಲ್ಲರಿಗೂ ಪರಿಚಯಿಸಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಜನ ಕಾಡನ್ನು ಹಾಯುವುದು ಹೆಚ್ಚಾಗಿ ನಡೆದೇ. ಸೈಕಲ್ಲು ಅಲ್ಲಿ ದೊಡ್ಡ ಬೆರಗು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳೊಡನೆ ಅವುಗಳ ದಾರಿಗಳೂ ಮುಳುಗಿದವು. ಇಂದು ಪ್ರವಾಸಿಗರು ಸರೋವರವೆಂದು ಮೆಚ್ಚುವ ಲಿಂಗನಮಕ್ಕಿ, ಮಾಣಿ, ಚಕ್ರಾ ಮೊದಲಾದವುಗಳು ಜಲಾಶಯಗಳೇ. ಅವುಗಳ ಅಂಚು ಕೆರೆಯ ಏರಿಯಂತೆ ಗಟ್ಟಿಯಲ್ಲ. ನೀರು ಹಿಂಜರಿದಾಗ ಮೇಲೆ ಒಣಗಿದಂತೆ ಕಾಣುವ ಹೂಳಿನ ಒಳಗೆ ಕೆಸರಿರುತ್ತದೆ. ಸವಾರನನ್ನು ಹೊತ್ತ ಕುದುರೆ ಅಲ್ಲಿ ಕಾಲಿಟ್ಟರೆ ಹೂತುಹೋಗುವ ಅಪಾಯವುಂಟು.

ಅಮೆರಿಕದ ಸವಾರರು ಒಪ್ಪಿಕೊಂಡಿರುವ ಕಟ್ಟುಪಾಡುಗಳು ಇಲ್ಲಿ ಗಮನಾರ್ಹ. ಬಿಡಾರವನ್ನೂ ಕುದುರೆ ಕಟ್ಟುವ ಜಾಗವನ್ನೂ ನೀರಿನಿಂದ 200 ಅಡಿಗಳಾಚೆ ಇಡಬೇಕು. ರಾತ್ರಿಯಿಡೀ ಮರದ ಬುಡಕ್ಕೆ ಕಟ್ಟಿದರೆ ಕುದುರೆ ಕೆರೆದು ಬೇರನ್ನು ಬಯಲು ಮಾಡುತ್ತದೆ, ತೊಗಟೆಯನ್ನು ಕಡಿಯುತ್ತದೆ. ಆದುದರಿಂದ ಎರಡು ಮರಗಳ ನಡುವೆ ಎತ್ತರದಲ್ಲಿ ಹಗ್ಗ ಬಿಗಿದು ಅದಕ್ಕೆ ಕಟ್ಟುತ್ತಾರೆ. ನಮ್ಮಲ್ಲಂತೂ ಕೆರೆಯ ನೀರು ಊರಿನ ಗದ್ದೆಗೆ, ತೋಟಕ್ಕೆ, ಎಷ್ಟೋ ಕಡೆ ಮನೆಗೂ ಹೋಗುತ್ತದೆ. ಕುದುರೆಯನ್ನು ನೀರಿಗಿಳಿಸದೆ ಬಕೆಟ್ಟಿನಲ್ಲಿ ತಂದು ಕುಡಿಸುವುದೇ ಸರಿ.

ಇನ್ನು ಕಾಲದ ವಿಷಯ. ಮಳೆಗಾಲದಲ್ಲಿ ಜಿಗಣೆ, ಜಾರಿಕೆಗಳ ನಡುವೆ ಸವಾರಿಯ ಮಾತೇ ಇಲ್ಲ. ದೀಪಾವಳಿ ಕಳೆದು ಹಾದಿ ಒಣಗಿದ ಮೇಲೆ ಹಿತವೆನಿಸುತ್ತದೆ. ಆದರೆ ಮಂಗನ ಕಾಯಿಲೆಯ ಕಾಲವೂ ಅದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರ ಉಣುಗಿನ ಕಡಿತದಿಂದ ಬರುತ್ತದೆ. ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐವರು ಸಾಯುವುದುಂಟು. ಸಾಗರ ತಾಲ್ಲೂಕಿನ ಅರಳಗೋಡು ಸೀಮೆ 2018-19ರಲ್ಲಿ ಪಟ್ಟ ಪಾಡನ್ನು ಮಲೆನಾಡಿನವರು ಮರೆತಿಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಬಲಿತ ಉಣುಗುಗಳು ದನಕರುಗಳಂತಹ ದೊಡ್ಡ ಪ್ರಾಣಿಗಳ ರಕ್ತ ಹೀರಿ ಮೊಟ್ಟೆಯಿಡುವುದರಿಂದ, ಕಾಡು ಸುತ್ತಿದ ಕುದುರೆಯ ಕಿವಿ, ತೊಡೆಸಂದುಗಳನ್ನು ಪ್ರತಿ ಸಂಜೆ ಪರೀಕ್ಷಿಸಬೇಕಾಗುತ್ತದೆ. ಸವಾರನೂ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನು ತೊಳೆಯಬೇಕು. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹೋಗಲೇಬಾರದು. ಎಲೆಯ ರಾಶಿಯ ಮೇಲೆ ಕಂಬಳಿ ಹಾಸಿ ಮಲಗುವ ಮೋಜು ಈ ತಿಂಗಳುಗಳಲ್ಲಿ ತಕ್ಕದ್ದಲ್ಲ.

ನಮ್ಮ ಮಕ್ಕಳು ಕುದುರೆ ಸವಾರಿ ಕಲಿಯುವುದು ನಮಗೆ ಸಂತೋಷವೇ. ಊರ ಹೊರಗಿನ ಬಯಲಿನಲ್ಲಿ, ಬ್ಯಾಣದ ಗಟ್ಟಿದಾರಿಯಲ್ಲಿ ತಿಳಿದವರ ಕೈಕೆಳಗೆ ಧಾರಾಳವಾಗಿ ಕಲಿಯಲಿ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬಿಡಾರ ಹೂಡುವಂತಿಲ್ಲ. ಹಳೆಯ ಕೊಳಗಳ ಕಲ್ಲುಮೆಟ್ಟಿಲುಗಳಿಗೆ ಗೊರಸು ತಾಗುವುದೂ ಬೇಡ. ಕವಲೇದುರ್ಗವನ್ನು ನೋಡಬಯಸುವ ಕುಟುಂಬಗಳು ತೀರ್ಥಹಳ್ಳಿಯಿಂದ ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ಬುಡದ ಕೆರೆಯ ಬಳಿ ತುಸು ಕುಳಿತು, ಕಲ್ಲು ಹಾಸಿದ ಹಾದಿಯಲ್ಲಿ ಬಾಗಿಲು ಬಾಗಿಲು ದಾಟಿ ಶ್ರೀಕಂಠೇಶ್ವರನ ಗುಡಿಯವರೆಗೆ ಹಿರಿಯರೂ ನಿಧಾನವಾಗಿ ಏರಬಹುದು. ಮೇಲಿನ ಕೊಳಗಳ ನೀರು ಕುಡಿಯಲು ಯೋಗ್ಯವಲ್ಲ. ತಲೆಗೊಂದು ಬಾಟಲಿಯಂತೆ ಕೆಳಗಿನಿಂದಲೇ ಒಯ್ಯಬೇಕು, ಖಾಲಿ ಬಾಟಲಿಗಳನ್ನು ಹಿಂದಕ್ಕೆ ತರಬೇಕು.